ಮಿಸ್ ಮಾರಿಕಣಿವೆಯ ಮುಖಕ್ಕೆ ಬೆಳಕು

ಎಲ್ಲಿಂದ ಶುರು ಮಾಡುವುದು? ಕ್ಯಾಮೆರಾ ಹಿಡಿದವಳಿಂದಲೋ, ಅದರ ಮುಂದೆ ಕೂತವನಿಂದಲೋ? ಮೊದಲ ಡ್ರಾಫ್ಟನ್ನು ಗಾಳಿಯಂತ್ರಗಳಿಂದ ಶುರು ಮಾಡಿದ್ದೆ. ‘ಐಮಂಗಲದ ಆಚೆ ಗುಡ್ಡದ ಮೇಲೆ ಬಿಳಿ ರೆಕ್ಕೆಗಳು ನಿದ್ದೆಗಣ್ಣಲ್ಲಿ ತಿರುಗುತ್ತಿದ್ದವು’ ಎಂದು. ಓದಿ ನೋಡಿದರೆ ಯಾವುದೋ ಕಂಪನಿಯ ಕ್ಯಾಲೆಂಡರಿನ ಹಾಗಿತ್ತು. ಹರಿದು ಹಾಕಿದೆ. (ಲ್ಯಾಪ್‌ಟಾಪಿನಲ್ಲಿ ಹರಿಯುವುದು ಹೇಗೆ ಎಂದು ಕೇಳಬೇಡಿ. ಮನಸ್ಸಿನಲ್ಲಿ ಹರಿದೆ.)

ಆದರೂ ರೆಕ್ಕೆಗಳ ನೆರಳು ಬೇಕು. ಅದಿಲ್ಲದೆ ಆ ಮಧ್ಯಾಹ್ನ ನನಗೆ ಕಾಣುವುದೇ ಇಲ್ಲ.

೧

ಶೋಭಾರಾಣಿ ಹೊಳಲ್ಕೆರೆಯವಳು, ಮದುವೆ ವಿಡಿಯೊ ತೆಗೆಯುವವಳು. (“ಬರೀ ಮದುವೆ ಅಂತ ಯಾಕ್ ಬರೀತೀರಿ ಸಾರ್? ನಾಮಕರಣ, ಗೃಹಪ್ರವೇಶ ಎಲ್ಲಾ ತೆಗಿತೀನಿ” ಎಂದು ಪುಟದೊಳಗಿಂದಲೇ ತಕರಾರು ತೆಗೆದಳು. ಸರಿ ತಾಯಿ, ತಿದ್ದಿದ್ದೇನೆ.) ವಧುವಿನ ಮೇಲೆ ಹೂವಿನ ಎಸಳು ಉದುರಿಸುವ ಎಫೆಕ್ಟು ಹಾಕಿ ಹಾಕಿ ಅವಳಿಗೆ ಸಾಕಾಗಿತ್ತು. ತನ್ನದೇ ಒಂದು ಫಿಲ್ಮ್ ಮಾಡಬೇಕು, ಅದರಲ್ಲಿ ಒಂದು ಎಸಳೂ ಉದುರಬಾರದು ಎಂಬ ಆಸೆ ಹುಟ್ಟಿತ್ತು.

ಆಗ ಸಿಕ್ಕಿದವನು ಜುಂಜೇಶ. ವಾರವೆಲ್ಲ ಹಿರಿಯೂರಿನ ಮೊಬೈಲ್ ಅಂಗಡಿಯಲ್ಲಿ ಒಡೆದ ಸ್ಕ್ರೀನ್ ಬದಲಾಯಿಸುತ್ತಾನೆ. ಶನಿವಾರ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿ, ಸೀರೆಯುಟ್ಟು, ವಿಗ್ ಇಟ್ಟು, ಗಂಡಸರು ಹೆಣ್ಣುವೇಷದಲ್ಲಿ ಕುಣಿಯುವ ಡ್ರ್ಯಾಗ್ ಸ್ಟೇಜಿನ ಮೇಲೆ ‘ಮಿಸ್ ಮಾರಿಕಣಿವೆ’ಯಾಗುತ್ತಾನೆ. ಊರಿನ ಡ್ಯಾಮಿನ ಹೆಸರನ್ನೇ ಇಟ್ಟುಕೊಂಡಿದ್ದೇಕೆ ಎಂದರೆ, “ತುಂಬಿದಾಗ ನೋಡಿದೀರೇನಕ್ಕ ಅದನ್ನ? ಅದ್ಕೇ” ಎನ್ನುತ್ತಾನೆ. ಅವ್ವ ಏಕಾಂತಮ್ಮನಿಗೆ ಮಾತ್ರ ಡೆಕೊರೇಷನ್ ಕೆಲಸಕ್ಕೆ ಹೋಗ್ತೀನಿ ಎಂದು ಹೇಳಿದ್ದಾನೆ. (ಪೂರಾ ಸುಳ್ಳೂ ಅಲ್ಲ ನೋಡಿ.)

೨

ಅವನು ಹಾಕಿದ ಷರತ್ತು ಎರಡು.

“ಕುಣಿತ ತೆಗಿವಾಗ ಕಾಲಿಂದ ಶುರು ಮಾಡಿ ನಿಧಾನಕ್ಕೆ ಮ್ಯಾಲಕ್ಕೆ ಬರಬ್ಯಾಡ್ರಿ ಅಕ್ಕ. ಎಲ್ರೂ ಹಂಗೇ ತೆಗೀತಾರೆ, ಅಂಗಡಿ ಗೊಂಬೆ ನೋಡ್ದಂಗೆ.”

“ಇಲ್ಲಪ್ಪ. ದೂರಕ್ಕೆ ನಿಂತು, ಕಟ್ ಮಾಡ್ದೆ, ಇಡೀ ಆಳು ತೆಗಿತೀನಿ. ಇನ್ನೊಂದು?”

“ಇಂಟರ್‌ವ್ಯೂದಲ್ಲಿ ಮುಖ ಕಾಣಬಾರ್ದು. ಕುಣಿತದಲ್ಲಾದ್ರೆ ಬಣ್ಣ, ವಿಗ್ ಇರ್ತೈತೆ, ಗುರ್ತು ಸಿಗಲ್ಲ. ಅವ್ವ ನೋಡಿದ್ರೆ ನಾನು ಸತ್ತೇ ಹೋಗ್ತೀನಿ.”

ಕುಣಿತವೇನೋ ಬೆಳಿಗ್ಗೆಯೇ ಬಂಡೆಗಳ ಮರೆಯಲ್ಲಿ ಮುಗಿಯಿತು. ಸೀರೆಯ ಜರಿಯ ಮೇಲೆ ಬಿಸಿಲು ಬಿದ್ದು ಲೆನ್ಸಿಗೆ ಚುಚ್ಚಿದಾಗ ಶೋಭಾರಾಣಿ ಕ್ಯಾಮೆರಾವನ್ನು ತುಸು ಓರೆ ಮಾಡಿದಳು, ಅಷ್ಟೆ. ಅವನು ಒಂದು ಕೈ ಸೊಂಟಕ್ಕಿಟ್ಟು, ಕತ್ತು ಹೊರಳಿಸಿ, ದೂರದಲ್ಲಿರುವ ಯಾರನ್ನೋ ಕರೆಯುವಂತೆ ನಡೆದ. ಅಷ್ಟು ಚಂದದ ನಡಿಗೆಯನ್ನು ಅವಳು ಯಾವ ಮದುಮಗಳಲ್ಲೂ ಕಂಡಿರಲಿಲ್ಲ. ಹೊಟ್ಟೆಕಿಚ್ಚೇ ಆಯಿತು.

೩

ಇಂಟರ್‌ವ್ಯೂ ಅವನ ಮನೆಯಲ್ಲೇ. ಅಪ್ಪ, ಅವ್ವ ಕುರಿ ಹೊಡೆದುಕೊಂಡು ಹೋದರೆ ಬರುವುದು ಸಂಜೆಗೆ. ಪಡುವಣ ಕಿಟಕಿಗೆ ಬೆನ್ನು ಕೊಟ್ಟು ಅವನನ್ನು ಕೂರಿಸಿ, ಕಿಟಕಿಯ ಬೆಳಕಿಗೆ ತಕ್ಕಂತೆ ಕ್ಯಾಮೆರಾ ಹೊಂದಿಸಿದಳು. ಪರದೆಯಲ್ಲಿ ಮುಖ ಇದ್ದಿಲಿನಂತೆ ಕಪ್ಪಾಯಿತು. ಸೀರೆ ಬಿಚ್ಚಿ ಶರ್ಟು ಹಾಕಿದ್ದ. ಅಂಟು ಬಿಡದ ಉದ್ದನೆಯ ರೆಪ್ಪೆಗಳು ಮಾತ್ರ ಕಣ್ಣ ಮೇಲೆ ಉಳಿದಿದ್ದವು. ಗುಡ್ಡದ ಗಾಳಿಯಂತ್ರದ ನೆರಳು ಆಗಾಗ ಕಿಟಕಿಯನ್ನು ದಾಟುತ್ತಿತ್ತು. ದಾಟಿದಾಗಲೆಲ್ಲ ಕೋಣೆಗೇ ಒಂದು ಜೊಂಪು ಹತ್ತಿದಂತಾಗುತ್ತಿತ್ತು.

“ಸ್ಟೇಜ್ ಮ್ಯಾಲೆ ನಡಿವಾಗ ಯಾರನ್ನ ನೆನೆಸ್ಕಂತೀಯ?”

“ಯಾರನ್ನೂ ಇಲ್ಲ.”

ಸುಳ್ಳು. ಕಪ್ಪು ಮುಖಕ್ಕೆ ಸುಳ್ಳು ಸುಲಭ ಎಂದು ಶೋಭಾರಾಣಿಗೆ ಅನ್ನಿಸಿತು.

೩ (ಮತ್ತೆ)

(ಇಲ್ಲಿ ಏಕಾಂತಮ್ಮ ಬರಬಾರದಿತ್ತು. ನನ್ನ ಪ್ಲಾನಿನಲ್ಲಿ ಅವಳು ಕಥೆಯ ಹೊರಗೇ ಇದ್ದಳು. ಆದರೆ ಕುರಿಯೊಂದು ಅಡವಿಯಲ್ಲೇ ಮರಿ ಹಾಕಿತು. ಹಿಂಡನ್ನು ಗಂಡನಿಗೆ ಬಿಟ್ಟು, ಹಸಿ ಮರಿಯನ್ನು ಎತ್ತಿಕೊಂಡು ಅವಳು ಹೊತ್ತಿಗೆ ಮುಂಚೆಯೇ ಮನೆಗೆ ಬಂದುಬಿಟ್ಟಳು. ಕುರಿಗೆ ನಾನು ಏನು ಹೇಳಲಿ?)

ಬಾಗಿಲಲ್ಲಿ ನಿಂತು ಮಗನನ್ನು ನೋಡಿದಳು. ರೆಪ್ಪೆಗಳನ್ನು ನೋಡಿದಳು. ಜುಂಜೇಶ ರೆಪ್ಪೆ ಕೀಳಲು ಹೋದ, ಅಂಟು ಬಿಡಲಿಲ್ಲ. ಏಕಾಂತಮ್ಮ ಮರಿಯನ್ನು ಮೂಲೆಯ ಗೋಣಿಚೀಲದ ಮೇಲೆ ಮಲಗಿಸಿ, ಸೆರಗಿನಿಂದ ಕೈ ಒರೆಸಿಕೊಂಡು, ಕ್ಯಾಮೆರಾದ ಪುಟ್ಟ ಪರದೆಗೆ ಬಗ್ಗಿದಳು.

“ಏನವ್ವ ಇದು, ಮುಖ ಕರ್ರಗೆ ಬರ್ತೈತಲ್ಲೇ! ಬೆಳಕಿಗೆ ಬೆನ್ನು ಮಾಡಿ ಕೂರಿಸ್ತಾರೇನು ಯಾರಾದ್ರೂ?”

“ಇಲ್ಲಮ್ಮ, ಅದು ಹಂಗೇ…”

“ನಮ್ಮಣ್ಣನ ಮಗಳು ಯಶೋದನ ಮದುವೇಲಿ ಫೋಟೊದೋರು ನನ್ನ ಕೈಲೇ ಬೆಳ್ಳಿ ಹಾಳೆ ಹಿಡಿಸಿದ್ರು. ನಂಗೆ ಗೊತ್ತೈತೆ, ಇರು.”

ಅಟ್ಟದ ಮೇಲಿದ್ದ ದೊಡ್ಡ ಸ್ಟೀಲ್ ಹರಿವಾಣ ಇಳಿಸಿಕೊಂಡು ಬಂದು ಕ್ಯಾಮೆರಾದ ಪಕ್ಕ ನಿಂತಳು. ಕಿಟಕಿಯ ಬಿಸಿಲನ್ನು ಅದರಲ್ಲಿ ಹಿಡಿದು ಮಗನ ಮುಖಕ್ಕೆ ಹೊಡೆದಳು. ಮುಖ ಕಂಡಿತು. ಪೂರ್ತಿ ಕಂಡಿತು.

ಶೋಭಾರಾಣಿ ಕ್ಯಾಮೆರಾ ಆಫ್ ಮಾಡಬೇಕಿತ್ತು. ಮಾಡಲಿಲ್ಲ. (ನನ್ನನ್ನು ಬೈಯಬೇಡಿ, ನಾನು ಮಾಡು ಎಂದೇ ಬರೆದಿದ್ದೆ.)

“ಮಾತಾಡಪ್ಪ” ಅಂದಳು ಏಕಾಂತಮ್ಮ. “ನಾನೇನ್ ಕೇಳ್ತಿಲ್ಲ.”

ಶೋಭಾರಾಣಿ ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿದಳು. ಜುಂಜೇಶ ಬೆಳಕಿಗೆ ಕಣ್ಣು ಕಿರಿದು ಮಾಡಿ ಹರಿವಾಣದ ಕಡೆ ತಿರುಗಿದ.

“ಅವ್ವನ್ನ” ಅಂದ. “ಕುರಿ ತಿರುವಾಕ್ವಾಗ ಸೊಂಟದ ಮ್ಯಾಲೆ ಕೈ ಇಟ್ಕಂಡು ಕತ್ತು ಹೊಳ್ಳಿಸಿ ಕೂಗ್ತಾಳಲ್ಲ, ಹಂಗೇ ನಡಿತೀನಿ. ಜನ ಶಿಳ್ಳೆ ಹೊಡಿತಾರೆ. ಶಿಳ್ಳೆ ಅವ್ವಂಗೇ ಹೋಗ್ಬೇಕು.”

ಅವನ ಮುಖದ ಮೇಲಿನ ಬೆಳಕು ನಡುಗಿತು. ಕೈ ಸೋತಿತ್ತೋ ಏನೋ. ಹರಿವಾಣ ಕೆಳಗಿಳಿಯಲಿಲ್ಲ. ಶೋಭಾರಾಣಿ ಫೋಕಸ್ ನೋಡುವ ನೆಪದಲ್ಲಿ ಅತ್ತಳು.

(ತೀರಾ ಸಿನಿಮಾ ಆಯಿತೆಂದು ನನಗೂ ಅನ್ನಿಸಿ ಅಳಿಸಲು ಹೋದೆ. ಆಗಲಿಲ್ಲ.)

೫

(ನಾಲ್ಕರಲ್ಲಿ ಡ್ರ್ಯಾಗ್ ಕಲೆಯ ಇತಿಹಾಸದ ಬಗ್ಗೆ ನನ್ನ ಭಾಷಣವಿತ್ತು. ತೆಗೆದಿದ್ದೇನೆ. ಥ್ಯಾಂಕ್ಸ್ ಹೇಳಿ.)

ಅಂತ್ಯಗಳು. ಮೊದಲನೆಯದು: ಶೋಭಾರಾಣಿ ಬೆಳಕಿನ ಟೇಕನ್ನು ಅಳಿಸಿ, ಕಪ್ಪು ಮುಖವನ್ನೇ ಉಳಿಸಿಕೊಳ್ಳುತ್ತಾಳೆ. ಷರತ್ತು ಷರತ್ತೇ. ಆದರೆ ಆ ಫಿಲ್ಮಿನಲ್ಲಿ ‘ಯಾರನ್ನೂ ಇಲ್ಲ’ ಎಂಬ ಸುಳ್ಳೇ ಉಳಿಯುತ್ತದೆ. ಎರಡನೆಯದು: ಫಿಲ್ಮ್ ಊರಿಗೆಲ್ಲ ಕಾಣುತ್ತದೆ, ಚಪ್ಪಾಳೆ ಬೀಳುತ್ತದೆ. ಇದನ್ನು ಬರೆಯುವಾಗ ನನಗೇ ನಾಚಿಕೆಯಾಯಿತು. ಅವ್ವನಿಗೆ ಗೊತ್ತಾದರೆ ಊರಿಗೆ ಗೊತ್ತಾದಂತೆಯೇ? ಅಂಗಡಿಗೆ, ಬಸ್ಸಿಗೆ, ಸಂತೆಗೆ ದಿನಾ ಹೋಗಬೇಕಾದವನು ನಾನಲ್ಲ.

ಮೂರನೆಯದು ಬರೆಯುವಷ್ಟರಲ್ಲಿ ಜುಂಜೇಶ ತಿರುಗಿ ನನ್ನನ್ನೇ ನೋಡಿದ.

“ಸಾರ್, ಸಾಕು ಬಿಡ್ರಿ. ಮುಖ ನಂದು.”

ಕೀಬೋರ್ಡಿನಿಂದ ಕೈ ತೆಗೆದಿದ್ದೇನೆ. ಈ ಕೊನೆಯ ಸಾಲುಗಳು ಹೇಗೆ ಬೀಳುತ್ತಿವೆಯೋ ಗೊತ್ತಿಲ್ಲ. ಕೋಣೆಯೊಳಗೆ ಮರಿ ಎದ್ದು ನಿಲ್ಲಲು ನೋಡಿ ಬಿದ್ದಿತು. ಶೋಭಾರಾಣಿ ಎರಡೂ ಟೇಕ್‌ಗಳನ್ನು ಅವನ ಮುಂದೆ ಹಿಡಿದು, “ಯಾವುದನ್ನ ಇಟ್ಕಳ್ಲಪ್ಪ?” ಎಂದಳು.

ಅವನು ಬಾಯಿ ತೆರೆಯುವ ಮೊದಲೇ ಏಕಾಂತಮ್ಮ ಹರಿವಾಣವನ್ನು ಸೆರಗಿನಿಂದ ಒರೆಸಿದಳು.

“ಸರಿಯಾಗಿ ಬರ್ಲಿಲ್ಲೇನು? ಇನ್ನೊಂದ್ ಕಿತ ಹಿಡೀಲೇನ್ ಮಗ? ಬಿಸಿಲಿನ್ನೂ ಐತೆ.”