ಸೋಮವಾರದ ಅಂಗಿ

ಒದ್ದೆ ಹತ್ತಿಬಟ್ಟೆಯ ಮೇಲೆ ಕಾದ ಇಸ್ತ್ರಿಪೆಟ್ಟಿಗೆ ಹರಿದಾಗ ಏಳುವ ವಾಸನೆ ಅವಳಿಗೆ ತೊಟ್ಟಿಲಿನಿಂದಲೇ ಗೊತ್ತು. ಅಂಗಡಿಯ ಮೇಜಿನ ಕೆಳಗೆ, ಬಟ್ಟೆಗಂಟುಗಳ ನಡುವೆ ಅವಳನ್ನು ಮಲಗಿಸಿ ಅಪ್ಪ ಮೇಲೆ ಕೆಲಸ ಮಾಡುತ್ತಿದ್ದ. ಇವತ್ತು ಅದೇ ವಾಸನೆ ಅಪ್ಪನ ಎದೆಯ ಮೇಲಿನಿಂದ ಬರುತ್ತಿತ್ತು. ಅವಳು ಬಗ್ಗಿ ಅವನ ಅಂಗಿಗೆ ಗುಂಡಿ ಹಾಕುತ್ತಿದ್ದಳು. ಮೂರನೆಯ ಗುಂಡಿ ಮಾತ್ರ ಕಂದು ಬಣ್ಣದ್ದು, ಉಳಿದವಕ್ಕಿಂತ ದಪ್ಪ. ಕಾಜದೊಳಗೆ ನುಗ್ಗಲು ಹಟ ಮಾಡುತ್ತಿತ್ತು.

ನಿನ್ನೆ ಸಂಜೆ ಅಂಗಡಿ ಮುಚ್ಚಿ ಬಂದು, ಒಂದು ಲೋಟ ನೀರು ಕುಡಿದು, ಗೋಡೆಗೆ ಒರಗಿದ ಅಪ್ಪ ಹಾಗೆಯೇ ಹೋಗಿಬಿಟ್ಟಿದ್ದ. ಬೆಳಿಗ್ಗೆ ಟ್ರಂಕು ತಡಕಿದರೆ ಅವನ ಅಂಗಿಗಳು ಮೂರೇ, ಮೂರರದ್ದೂ ಕಾಲರು ಸವೆದಿತ್ತು. ಊರಿನ ಅರ್ಧ ಜನರನ್ನು ಗರಿಗರಿಯಾಗಿ ಓಡಾಡಿಸಿದವನ ಟ್ರಂಕು ಅದು! ತಳದಲ್ಲಿ, ಹೋದ ವಾರದ ಪತ್ರಿಕೆಯಲ್ಲಿ ಸುತ್ತಿದ ಈ ಬಿಳಿ ಅಂಗಿ ಸಿಕ್ಕಿತ್ತು. ಯಾವುದೋ ಒಳ್ಳೆಯ ದಿನಕ್ಕೆಂದು ಇಟ್ಟುಕೊಂಡಿರಬೇಕು ಅಂದುಕೊಂಡಳು.

"ನಾನು ಸೊಟ್ಟ ಹೊಲಿಯೋದು, ನಿಮ್ಮಪ್ಪ ಅದನ್ನ ತೀಡಿ ನೆಟ್ಟಗೆ ಮಾಡೋದು. ಮೂವತ್ತು ವರ್ಷ ಹೀಗೇ ನಡೀತು," ಎಂದಳು ಪಕ್ಕದ ಮನೆಯ ಟೈಲರಮ್ಮ, ಮೂಗು ಒರೆಸಿಕೊಳ್ಳುತ್ತ. "ಇನ್ನು ನನ್ನ ಬಂಡವಾಳ ಬಯಲಾಗುತ್ತೆ ನೋಡು." ಕಾಲರು ಮಡಿಸಲು ಹೋದವಳು ತಟ್ಟನೆ ನಿಂತಳು. "ಇದೇನೇ ಇದು, ಗುರುತು ಇದೆಯಲ್ಲ?"

ಅಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ. ಯಾರ ಬಟ್ಟೆ ಯಾವುದೆಂದು ತಿಳಿಯಲು ಕಾಲರಿನ ಒಳಗೆ ಬಣ್ಣದ ದಾರದಲ್ಲಿ ಗುರುತು ಹಾಕುತ್ತಿದ್ದ. ಟೈಲರಮ್ಮನ ಮನೆಯವರಿಗೆ ಕತ್ತರಿ, ಮೇಷ್ಟರಿಗೆ ಕನ್ನಡಕ. ಈ ಅಂಗಿಯ ಮೇಲೆ ನೀಲಿ ದಾರದ ಒಂದು ಚಕ್ರವಿತ್ತು.

"ಅದು ನಿನ್ನ ಸೈಕಲ್ ಮಾಮಂದು," ಎಂದಳು ಅಮ್ಮ, ಮೂಲೆಯಿಂದ. ಬೆಳಗಿನಿಂದ ಅವಳಾಡಿದ ಮೊದಲ ಮಾತು.

ಮಗಳ ಕೈ ನಿಂತಿತು. "ಬಿಚ್ಚಿ ಇದನ್ನ."

"ಬಿಚ್ಚೋದು ಹೇಗೆ? ಕೈ ಸೆಟೆದುಹೋಗಿದೆ, ತೊಡಿಸೋಕೇ ಅರ್ಧ ಗಂಟೆ ಹಿಡೀತು," ಎಂದಳು ಟೈಲರಮ್ಮ. "ಬೇಕಾದ್ರೆ ಕತ್ತರಿಸಬೇಕು."

"ಹಾಗಾದ್ರೆ ಕತ್ತರಿ ತನ್ನಿ."

"ಸುಮ್ನಿರೇ," ಎಂದಳು ಅಮ್ಮ. "ಬಟ್ಟೆಗೆ ಕತ್ತರಿ ಹಾಕಿದ್ರೆ ಅವರು ಎದ್ದು ಕೂತುಬಿಡ್ತಾರೆ."

*

ಹದಿನಾಲ್ಕು ವರ್ಷಗಳ ಹಿಂದೆ ಊರು ಎರಡು ಹೋಳಾಗಿತ್ತು. ಮೇಲಿನ ಬೀದಿ, ಕೆಳಗಿನ ಬೀದಿ. ಶುರುವಾದದ್ದು ಯಾವುದರಿಂದ ಎಂದು ಈಗ ಕೇಳಿದರೆ ಹತ್ತು ಜನ ಹತ್ತು ಕಥೆ ಹೇಳುತ್ತಾರೆ. ಆಗ ಮಾತ್ರ ಎಲ್ಲರಿಗೂ ಖಚಿತವಾಗಿ ಗೊತ್ತಿತ್ತು. ಅಪ್ಪನ ಅಂಗಡಿ ಕೆಳಗಿನ ಬೀದಿಯಲ್ಲಿತ್ತು. ಗಿರಾಕಿಗಳು ಎರಡೂ ಕಡೆಯವರು.

"ಮೇಲಿನವರ ಬಟ್ಟೆ ಮುಟ್ಟಬೇಡ," ಎಂದು ಒಂದು ಮಧ್ಯಾಹ್ನ ಏಳೆಂಟು ಜನ ಬಂದು ಹೇಳಿದರು. ಮುಂದೆ ನಿಂತಿದ್ದವನು ಸೈಕಲ್ ರಿಪೇರಿಯವನು. ಅವಳ ಮೊದಲ ಸೈಕಲ್ಲಿನ ಹಿಂದೆ ಓಡಿ ಓಡಿ ಬ್ಯಾಲೆನ್ಸು ಕಲಿಸಿದವನು, ಅವಳ ಸೈಕಲ್ ಮಾಮ.

"ಇವತ್ತು ಸಂಜೆಗೆ ಕೊಡ್ತೀನಿ ಅಂತ ಮಾತು ಕೊಟ್ಟಿದೀನಪ್ಪ," ಎಂದ ಅಪ್ಪ. "ಬಟ್ಟೆಗೇನು ಗೊತ್ತು ಬೀದಿ?"

ಸೈಕಲ್ ಮಾಮ ಇಸ್ತ್ರಿಪೆಟ್ಟಿಗೆಯ ಮುಚ್ಚಳ ತೆಗೆದು, ಕೆಂಡವನ್ನೆಲ್ಲ ಬಟ್ಟೆಗಂಟುಗಳ ಮೇಲೆ ಸುರಿದ. ಅಷ್ಟೇ ಮಾಡಿದ್ದು. ಉಳಿದದ್ದನ್ನು ಬೆಂಕಿ ಮಾಡಿತು. ಅಪ್ಪ ಬರಿಗೈಯಲ್ಲಿ ಗಂಟುಗಳನ್ನು ಎಳೆದೆಳೆದು ಬೀದಿಗೆ ಹಾಕಿದ. ಬಟ್ಟೆ ಬಹುಪಾಲು ಉಳಿಯಿತು. ಬಲಗೈಯ ಎರಡು ಬೆರಳು ಒಂದಕ್ಕೊಂದು ಅಂಟಿಹೋದವು.

ಅವಳ ಹತ್ತನೆಯ ತರಗತಿಯ ಪರೀಕ್ಷೆಗೆ ಹದಿನೈದು ದಿನವಿತ್ತು. ಪರೀಕ್ಷೆಯ ದಿನಗಳಲ್ಲಿ ಅವಳು ಹೊಸ ಮೇಜಿನ ಮುಂದೆ ನಿಂತು ಪೆಟ್ಟಿಗೆ ಉಜ್ಜುತ್ತಿದ್ದಳು. ಅಪ್ಪ ಪಕ್ಕದಲ್ಲಿ ಕೂತು ಎಡಗೈಯಲ್ಲಿ ಮಡಿಕೆ ಹಾಕುವುದನ್ನು ಕಲಿಯುತ್ತಿದ್ದ. ಉಳಿದ ಬಟ್ಟೆಗಳನ್ನು ಎರಡೂ ಬೀದಿಗಳ ಮನೆಮನೆಗೆ ಅವನೇ ಮುಟ್ಟಿಸಿ ಬಂದಿದ್ದ. ಆಮೇಲೆ ಊರು ತಣ್ಣಗಾಯಿತು. ಅವಳು ಮಾತ್ರ ಹದಿನಾಲ್ಕು ವರ್ಷ ಸೈಕಲ್ ಅಂಗಡಿಯ ಮುಂದೆ ಹಾಯದೆ ಬೀದಿ ಸುತ್ತಿ ಓಡಾಡಿದಳು.

*

"ಆ ಗಂಟುಗಳಲ್ಲಿ ಅವನ ಅಂಗಿಯೂ ಇತ್ತು," ಎಂದಳು ಅಮ್ಮ. "ತಗೊಂಡು ಹೋಗು ಅಂತ ಎರಡು ಸಲ ಕೂಗೋಕೆ ಹೋದ್ರು. ಅವನು ಇವರನ್ನ ಕಂಡ್ರೆ ಆ ಕಡೆ ದಾಟಿಬಿಡೋನು. 'ಮನೆಗೇ ಕೊಟ್ಟುಬನ್ನಿ, ಪೀಡೆ ಕಳೀಲಿ' ಅಂದೆ. 'ಬೇಡ ಕಣೇ, ನಾನು ಈ ಕೈಯಲ್ಲಿ ಹಿಡ್ಕೊಂಡು ಹೋದ್ರೆ ಚುಚ್ಚಿದ ಹಾಗಾಗುತ್ತೆ. ಅವನಾಗೇ ಬರಲಿ' ಅಂದ್ರು."

"ಅದಕ್ಕೆ ಹದಿನಾಲ್ಕು ವರ್ಷ ಇಟ್ಕೊಂಡ್ರಾ?"

"ಬರೀ ಇಟ್ಕೊಂಡ್ರಾ! ಸೋಮವಾರ ಸೋಮವಾರ ನೀನು ಅಂಗಡಿ ಬಾಗಿಲು ತೆಗೆಯೋಕೆ ಹೋದ್ಮೇಲೆ, ಇಲ್ಲೇ ನೆಲದ ಮೇಲೆ ಕಂಬಳಿ ಹಾಸ್ಕೊಂಡು ಅದಕ್ಕೆ ಇಸ್ತ್ರಿ. ವಾರದ ಮೊದಲ ಬಟ್ಟೆ ಅದೇ. 'ಹಾಕ್ಕೊಳ್ಳೋರಿಲ್ಲದ ಅಂಗಿಗೆ ಇದೇನ್ರೀ ಉಪಚಾರ' ಅಂತ ಬೈದೆ ಒಂದಿನ. 'ಅಂಗಿಗಲ್ಲ, ನನ್ನ ಕೈಗೆ. ಸಿಟ್ಟಿಟ್ಟುಕೊಂಡು ಒತ್ತಿದ್ರೆ ಬಟ್ಟೆ ಸುಡುತ್ತೆ. ಮೊದಲ ವರ್ಷ ಎರಡು ಕಡೆ ಕಂದಿತು, ನೋಡು. ಈಗ ಇಲ್ಲ' ಅಂದ್ರು."

ಮಗಳು ಅಂಗಿಯ ಅಂಚು ತಿರುವಿ ನೋಡಿದಳು. ಕೆಳತುದಿಯಲ್ಲಿ ಹಳೆಯ ಎರಡು ಕಂದು ಕಲೆಗಳಿದ್ದವು. ಇಬ್ಬರು ಗಿರಾಕಿಗಳು ಹೋದ ತಿಂಗಳು ಅವಳ ಇಸ್ತ್ರಿಯಲ್ಲಿ ಸುಟ್ಟ ಬಟ್ಟೆ ಹಿಡಿದು ಬಂದು ಅವಳೊಂದಿಗೆ ಜಗಳವಾಡಿದ್ದರು.

"ಬಂದಿದಾನೆ," ಎಂದಳು ಟೈಲರಮ್ಮ, ಕಿಟಕಿಯಿಂದ. "ಗೇಟಿನ ಹತ್ರ ನಿಂತಿದಾನೆ, ಒಳಗೆ ಬರ್ತಿಲ್ಲ. ಏನು ಮಾಡ್ತೀಯೋ ನೋಡು. ನಾನಂತೂ ಬಾಯಿ ಹಾಕಲ್ಲ."

"ನೀವು? ಬಾಯಿ ಹಾಕಲ್ಲ?"

"ಇವತ್ತೊಂದಿನ."

ಮಗಳು ಹೊರಗೆ ಹೋದಳು. 'ಹೋಗಿ' ಅನ್ನುವುದಕ್ಕೇ ಹೋದದ್ದು. ಸೈಕಲ್ ಮಾಮ ಎಷ್ಟು ಮುದುಕನಾಗಿದ್ದ! ಸೈಕಲ್ಲಿನ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ಬಿಟ್ಟರೆ ಸೈಕಲ್ಲಲ್ಲ, ಅವನೇ ಬಿದ್ದಾನು ಅನ್ನಿಸಿತು.

"ಇಲ್ಲಿಂದಲೇ ನೋಡ್ತೀನಮ್ಮ. ಗಾಡಿ ಬಂದಾಗ."

"ಇಲ್ಲಿಂದ ಕಾಣಲ್ಲ," ಎಂದಳು. ಅಂದುಕೊಂಡು ಬಂದ ಮಾತೇ ಬೇರೆ. "ನಿಮ್ಮ ವಸ್ತು ಒಂದು ಒಳಗಿದೆ. ಬನ್ನಿ."

ಒಳಗೆ ಬಂದವನು ಮೊದಲು ಮುಖ ನೋಡಿದ. ಆಮೇಲೆ ಅಂಗಿ. ಅವನ ಕಣ್ಣು ಮೂರನೆಯ ಗುಂಡಿಯ ಮೇಲೆ ನಿಂತಿತು.

"ಈ ಗುಂಡಿ ನಮ್ಮನೆಯವಳು ಹಾಕಿದ್ದು," ಎಂದ. "ಮದುವೆ ಅಂಗಿ. ಗುಂಡಿ ಕಳ್ಕೊಂಡು ಬಂದೆ ಅಂತ ಬೈದು, ತನ್ನ ಸ್ವೆಟರಿಂದು ಕಿತ್ತು ಹಾಕಿದ್ಲು. ಈಗ ಅವಳೂ ಇಲ್ಲ. ಈ ಅಂಗಿ ಅವತ್ತಿನ ಬೆಂಕೀಲಿ ಹೋಯ್ತು ಅಂದ್ಕೊಂಡಿದ್ದೆ. ಬೇರೆಯವರದ್ದರ ಜೊತೆ ನನ್ನದನ್ನೂ ನಾನೇ ಸುಟ್ಟೆ ಅಂತ."

"ತಪ್ಪಿ ತೊಡಿಸಿಬಿಟ್ಟೆ," ಎಂದಳು ಮಗಳು. "ನನಗೆ ಗೊತ್ತಿರಲಿಲ್ಲ. ನಿಮ್ಮನೆಯವರ ನೆನಪು ಅದು. ಬೇಕು ಅಂದ್ರೆ ಹೇಗಾದ್ರೂ ತೆಗೆಸಿ ಕೊಡ್ತೀನಿ."

ಮುದುಕ ತಲೆ ಅಲ್ಲಾಡಿಸಿದ. ಮಂಡಿಯೂರಿ ಕೂತು, ಕಷ್ಟಪಟ್ಟು, ಗ್ರೀಸಿನ ಗೆರೆಗಳಿದ್ದ ತನ್ನ ಬೆರಳು ತಾಗದ ಹಾಗೆ ಮಣಿಕಟ್ಟಿನಿಂದ ಕಾಲರನ್ನು ಸರಿಮಾಡಿದ. ಅಪ್ಪನ ಅಂಟಿಕೊಂಡ ಆ ಎರಡು ಬೆರಳುಗಳ ಹತ್ತಿರ ಬಂದಾಗ ಮಾತ್ರ ಅವನ ಕೈ ಅಲ್ಲೇ ನಿಂತುಬಿಟ್ಟಿತು. ಯಾರೂ ಅವನನ್ನು ಎಬ್ಬಿಸಲಿಲ್ಲ. ಗಾಡಿ ಬಂದಾಗ ಅವನೇ ಎದ್ದು, ಕಾಲಿನ ಕಡೆ ಹೆಗಲು ಕೊಟ್ಟ.

*

ಎಲ್ಲ ಮುಗಿಸಿ ಬಂದಾಗ ಮಧ್ಯಾಹ್ನ ಮೀರಿತ್ತು. ಟೈಲರಮ್ಮ ತನ್ನ ಮನೆಯಿಂದ ದೊಡ್ಡ ಪಾತ್ರೆಗಳಲ್ಲಿ ಊಟ ತಂದಿಟ್ಟು, "ಯಾರೂ ಬೇಡ ಅನ್ನಬೇಡಿ, ಉಪ್ಪು ಜಾಸ್ತಿಯಾಗಿದೆ, ಅದನ್ನೂ ಹೇಳಬೇಡಿ," ಎಂದು ಬಡಿಸುತ್ತಿದ್ದಳು. ಮೇಲಿನ ಬೀದಿಯವರು, ಕೆಳಗಿನ ಬೀದಿಯವರು ಒಂದೇ ಚಾಪೆಯ ಮೇಲೆ ಒತ್ತೊತ್ತಾಗಿ ಕೂತಿದ್ದರು. ಸೈಕಲ್ ಮಾಮ ಮಾತ್ರ ಒಳಗೆ ಬಂದಿರಲಿಲ್ಲ. ಹೊರಗಿನ ಮೆಟ್ಟಿಲ ಮೇಲೆ, ಹೋಗುವುದೋ ಇರುವುದೋ ತಿಳಿಯದವನಂತೆ, ಸೈಕಲ್ಲಿನ ಚಕ್ರವನ್ನು ಒತ್ತಿ ಒತ್ತಿ ನೋಡುತ್ತಿದ್ದ. ಗಾಳಿ ಸರಿಯಾಗಿಯೇ ಇತ್ತು.

ಅಡುಗೆಮನೆಯಲ್ಲಿ ಮಗಳು ಒಂದು ತಟ್ಟೆಗೆ ಊಟ ಬಡಿಸಿದಳು. ತಟ್ಟೆಯ ತಳ ಹಿಡಿಯಲಾರದಷ್ಟು ಬಿಸಿಯಾಗಿತ್ತು. ಹಗ್ಗದ ಮೇಲಿದ್ದ ಬಟ್ಟೆಯೊಂದನ್ನು ಎಳೆದು, ಅಪ್ಪ ಮಡಿಸುತ್ತಿದ್ದಂತೆ ನಾಲ್ಕು ಮಡಿಕೆ ಮಾಡಿ, ಪ್ರತಿ ಮಡಿಕೆಯ ಅಂಚನ್ನೂ ಉಗುರಿನಿಂದ ತೀಡಿದಳು. ಮೆಟ್ಟಿಲಿಗೆ ಬಂದು, ಅವನು ಚಾಚಿದ ಅಂಗೈಗಳ ಮೇಲೆ ಮೊದಲು ಆ ಬಟ್ಟೆಯನ್ನು ಹಾಸಿದಳು. ಆಮೇಲೆ ಅದರ ಮೇಲೆ ತಟ್ಟೆ ಇಟ್ಟಳು.