ಗಂಡನ ಸಹಿ

ಸೈನಿಕನ ಹೆಂಡತಿಗೆ ನಾಲ್ಕು ದಿನದಿಂದ ದವಡೆ ಹಲ್ಲಿನ ನೋವು. ಕೆನ್ನೆ ಊದಿಕೊಂಡು, ಗುಟುಕು ನೀರು ಕುಡಿದರೂ ಜೀವ ಬಾಯಿಗೆ ಬಂದಂತಾಗುತ್ತಿತ್ತು. ಗಂಡ ಗಡಿಯಲ್ಲಿ ಕಾಣೆಯಾಗಿ ಎಂಟು ತಿಂಗಳು. ಇದ್ದಾನೆಂದು ಹೇಳುವವರಿಲ್ಲ, ಇಲ್ಲವೆಂದು ಹೇಳುವವರೂ ಇಲ್ಲ.

"ರೂಟ್ ಕೆನಾಲ್ ಮಾಡಿದ್ರೆ ಹಲ್ಲು ಉಳಿಯುತ್ತೆ," ಎಂದರು ಡಾಕ್ಟರಮ್ಮ. "ಸೈನ್ಯದವರ ಹೆಂಡತೀರಿಗೆ ಖರ್ಚು ಸರ್ಕಾರದ್ದೇ."

ಆದರೆ ಆ ಖರ್ಚಿನ ಅರ್ಜಿಗೆ ಗಂಡನ ಸಹಿ ಬೇಕಿತ್ತು. ಹೊರಗೆ ಕೌಂಟರಿನಲ್ಲಿದ್ದ ಗುಮಾಸ್ತ ಒಳ್ಳೆಯವನು. ಅತ್ತಿತ್ತ ನೋಡಿ ದನಿ ತಗ್ಗಿಸಿದ.

"ಅಕ್ಕಾ, 'ವಿಧವೆ' ಅಂತ ಇದೆಯಲ್ಲ, ಅಲ್ಲೊಂದು ಗುರುತು ಹಾಕಿಬಿಡಿ. ಆಗ ಸಹಿ ಕೇಳಲ್ಲ. ಮಿಕ್ಕಿದ್ದು ನಾನು ನೋಡ್ಕೋತೀನಿ. ಬರೀ ಕಾಗದ ತಾನೇ?"

ಅವಳು ಪೆನ್ನಿನ ಮೊನೆಯನ್ನು ಆ ಚೌಕದ ಮೇಲೆ ಇಟ್ಟಿದ್ದೇ ತಡ, ಬೆನ್ನ ಹಿಂದೆ ಯಾರೋ ಮೆಲ್ಲಗೆ ಕೆಮ್ಮಿದರು. ರಜೆಗೆ ಬಂದಾಗ ಗಂಡ ಬಾಗಿಲು ಬಡಿಯುತ್ತಿರಲಿಲ್ಲ, ಹೀಗೇ ಕೆಮ್ಮುತ್ತಿದ್ದ. ಸರ್ರನೆ ತಿರುಗಿದಳು. ಬೆಂಚು ಖಾಲಿ.

ಪೆನ್ನು ವಾಪಸು ಕೊಟ್ಟು ಒಳಗೆ ಹೋದಳು.

"ಕಿತ್ತುಬಿಡಿ ಡಾಕ್ಟ್ರೇ. ಅಷ್ಟಕ್ಕೆ ಆಗೋ ದುಡ್ಡು ನನ್ನ ಹತ್ರ ಇದೆ."

"ಉಳಿಸಬಹುದಾದ ಹಲ್ಲಮ್ಮಾ ಇದು!"

"ಹಲ್ಲು ಹೋಗ್ಲಿ ಬಿಡಿ. ಅವರನ್ನ ನನ್ನ ಕೈಯಾರೆ ಸಾಯಿಸಲಾರೆ."

ಹಲ್ಲು ಕಿತ್ತು ಬಂತು. ಹತ್ತಿ ಕಚ್ಚಿಕೊಂಡು ಮನೆಯ ಕಡೆ ನಡೆದಳು. ಹಿಂದೆ ಯಾರೋ ಹೆಜ್ಜೆಗೆ ಹೆಜ್ಜೆ ಹಾಕಿ ಬರುತ್ತಿದ್ದಂತಿತ್ತು. ದಾರಿಯುದ್ದಕ್ಕೂ ಅವಳು ಒಮ್ಮೆಯೂ ತಿರುಗಲಿಲ್ಲ. ತಿರುಗಿದರೆ ಯಾರೂ ಇರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.