ಕೊನೆಯ ವರ್ಷಕ್ಕೆ ಏಳನೇ ತರಗತಿಯ ಪುಸ್ತಕ

ಗಣಿ ಮುಚ್ಚಿದ ಮೇಲೆ ಗಾಂಗ್ವೊನ್ ಬೆಟ್ಟಗಳ ನಡುವಿನ ಆ ಊರಿನಲ್ಲಿ ಉಳಿದದ್ದು ಅರ್ಧ ಪೇಟೆ, ಒಂದು ಹೈಸ್ಕೂಲು. ಅಲ್ಲಿ ಗಣಿತ ಕಲಿಸುತ್ತಿದ್ದ ಬಾಂಗ್ ದೊಕ್ಸು ಮೇಷ್ಟ್ರಿಗೆ ಇಪ್ಪತ್ತೆಂಟು ವರ್ಷದ ಸರ್ವಿಸ್ಸು. ಪುಸ್ತಕ ನೋಡದೆ ಬೋರ್ಡು ತುಂಬಿಸುವುದರಲ್ಲಿ ಎತ್ತಿದ ಕೈ. ಆದರೂ ಮೂರು ವರ್ಷಗಳಿಂದ ಕಾಲೇಜು ಪ್ರವೇಶ ಪರೀಕ್ಷೆಯ ಗಣಿತದಲ್ಲಿ ಅವರ ಒಬ್ಬ ವಿದ್ಯಾರ್ಥಿಗೂ ಹೇಳಿಕೊಳ್ಳುವಂಥ ದರ್ಜೆ ಬಂದಿರಲಿಲ್ಲ. ಗಣಿ ಕೆಲಸದವರ ಮೊಮ್ಮಕ್ಕಳು, ತಲೆಗೆ ಹತ್ತುವುದಿಲ್ಲ ಎಂದು ಮೇಷ್ಟ್ರು ತಮಗೆ ತಾವೇ ಸಮಾಧಾನ ಹೇಳಿಕೊಂಡಿದ್ದರು.

ಮಾರ್ಚಿನಲ್ಲಿ ಹೊಸ ಮುಖ್ಯೋಪಾಧ್ಯಾಯಿನಿಯಾಗಿ ಪ್ಯೊ ಮೇಡಂ ಬಂದರು.

"ಬಾಂಗ್ ಮೇಷ್ಟ್ರೇ, ನಾಳೆ ನೀವು ಹಿಂದಿನ ಬೆಂಚಲ್ಲಿ ಕೂತ್ಕೊಳ್ಳಿ. ಇವತ್ತಿನ ಪಾಠಾನ ಮಕ್ಕಳಲ್ಲೇ ಯಾರಾದ್ರೂ ಹೇಳಲಿ."

"ಈ ವಯಸ್ಸಲ್ಲಿ ನನಗೆ ಪರೀಕ್ಷೆನಾ ಮೇಡಂ?"

"ಬರೆಯೋದೇನಿಲ್ಲ. ಕೇಳಿಸ್ಕೊಂಡ್ರೆ ಸಾಕು."

ಮರುದಿನ ಕೊನೆಯ ವರ್ಷದ, ಅಂದರೆ ಹನ್ನೆರಡನೇ ತರಗತಿಯಲ್ಲಿ ಎದ್ದು ಬಂದವಳು ತಾಕ್ ಸೆಯೊಂಗ್, ಬಸ್‌ಸ್ಟ್ಯಾಂಡ್ ಹತ್ತಿರ ಮೊಳಕೆಕಾಳಿನ ಸಾರು ಮಾರುವವಳ ಮಗಳು. ಮೂರು ಸಾಲು ದುಂಡಗೆ ಬರೆದಳು. ಆಮೇಲೆ ಅವಳ ಕೈ ನಿಂತಿತು.

"ಮುಂದೆ?" ಎಂದರು ಮೇಷ್ಟ್ರು ಹಿಂದಿನಿಂದ.

"ಮುಂದೆ ನೀವು 'ಇದು ಗೊತ್ತೇ ಇದೆಯಲ್ಲ' ಅಂತೀರಿ ಸಾರ್. ನಮಗೆ ಗೊತ್ತಿಲ್ಲ."

ಯಾರೋ ಕಿಸಕ್ಕನೆ ನಕ್ಕು, ತಟ್ಟನೆ ಬಾಯಿ ಮುಚ್ಚಿಕೊಂಡರು.

"ಯಾರಿಗೂ ಗೊತ್ತಿಲ್ವಾ? ಮತ್ತೆ ದಿನಾ ತಲೆ ಆಡಿಸ್ತಿದ್ರಲ್ಲ!"

ಸೆಯೊಂಗ್ ಸಣ್ಣ ದನಿಯಲ್ಲಿ ಹೇಳಿದಳು: "ಆಡಿಸದಿದ್ರೆ ನಿಮಗೆ ಬೇಜಾರಾಗುತ್ತೆ ಅಂತ ಸಾರ್."

ಕೋಪ ಬರಬೇಕಿತ್ತು. ಮೇಷ್ಟ್ರಿಗೆ ಬಂದದ್ದು ನಾಚಿಕೆ. ಆ ವಾರವೆಲ್ಲ ಇಪ್ಪತ್ತೆರಡು ಮಂದಿಯನ್ನೂ ಒಬ್ಬೊಬ್ಬರಾಗಿ ಕೂರಿಸಿಕೊಂಡು, ಯಾವ ಲೆಕ್ಕದಿಂದ ಅರ್ಥವಾಗದೆ ಹೋಯಿತು ಎಂದು ಕೇಳಿದರು. ಹೆಚ್ಚಿನವರು ಏಳನೇ ತರಗತಿಯ ಸಮೀಕರಣದಲ್ಲೇ ಉಳಿದುಬಿಟ್ಟಿದ್ದರು. ಸೋಮವಾರ ಮೇಷ್ಟ್ರು ಏಳನೇ ತರಗತಿಯ ಪುಸ್ತಕ ಹಿಡಿದು ಒಳಗೆ ಬಂದರು.

ಸುದ್ದಿ ತಿಳಿದು ಸೆಯೊಂಗ್‌ಳ ತಾಯಿ ಏಪ್ರನ್ ಕೂಡ ಬಿಚ್ಚದೆ ಶಾಲೆಗೆ ಓಡಿಬಂದಳು.

"ಏನ್ ಮೇಷ್ಟ್ರೇ ಇದು? ನವೆಂಬರಲ್ಲಿ ಪರೀಕ್ಷೆ, ನೀವು ಚಿಕ್ಕಮಕ್ಕಳ ಲೆಕ್ಕ ಹೇಳ್ಕೊಡ್ತಾ ಕೂತಿದೀರಂತೆ! ರಾಜಧಾನಿ ಸೋಲ್‌ನ ಮಕ್ಕಳು ಎರಡೆರಡು ಸಲ ಪುಸ್ತಕ ಮುಗಿಸಿದಾರೆ!"

"ತಪ್ಪು ನಂದೇ ಅಮ್ಮಾ. ಎರಡು ವರ್ಷ ನಿಮ್ಮ ಮಗಳಿಗೆ ಅರ್ಥ ಆಗ್ತಿಲ್ಲ ಅನ್ನೋದೇ ನನಗೆ ತಿಳೀಲಿಲ್ಲ. ಜೂನ್‌ವರೆಗೆ ಟೈಮ್ ಕೊಡಿ."

ಜಗಳಕ್ಕೆಂದೇ ಬಂದವಳು ಅವರ ಮುಖವನ್ನೇ ನೋಡಿದಳು. "ಊಟ ಆದ್ರೂ ಮಾಡಿದೀರಾ? ಮುಖ ಒಣಗಿಹೋಗಿದೆ," ಎಂದು ಗೊಣಗಿ ಹೊರಟುಹೋದಳು.

ಜೂನ್ ಹೊತ್ತಿಗೆ ಹಳೆಯ ಲೆಕ್ಕಗಳು ಮುಗಿದವು. ಜುಲೈ-ಆಗಸ್ಟಿನ ಬೇಸಿಗೆ ರಜೆಯಲ್ಲೂ ತರಗತಿ ನಡೆಯಿತು. ಮಕ್ಕಳೀಗ ನಡುವೆಯೇ "ಸಾರ್, ನಿಲ್ಲಿ!" ಎಂದು ಕೂಗುತ್ತಿದ್ದರು. ಮೇಷ್ಟ್ರು ನಿಲ್ಲುತ್ತಿದ್ದರು.

ನವೆಂಬರಿನಲ್ಲಿ ಏಳು ಮಂದಿಗೆ ಒಳ್ಳೆಯ ದರ್ಜೆ ಬಂತು. ಸೆಯೊಂಗ್‌ಗೆ ಒಂದೇ ದರ್ಜೆ ಕಡಿಮೆಯಾಗಿ ಸೋಲ್ ನಗರದ ಕಾಲೇಜು ಕೈತಪ್ಪಿತು. ಚುಂಚಿಯಾನ್ ನಗರದ ಕಾಲೇಜಿನಲ್ಲಿ ಸಿವಿಲ್ ಎಂಜಿನಿಯರಿಂಗಿಗೆ ಕಾಯುವವರ ಪಟ್ಟಿಯಲ್ಲಿ ಹದಿನಾಲ್ಕನೆಯವಳಾದಳು. ಸೀಟು ಖಾಲಿಯಾದಂತೆ ಅವರೇ ಫೋನ್ ಮಾಡುತ್ತಾರೆ. ಎತ್ತದಿದ್ದರೆ ಮುಂದಿನವರಿಗೆ ಹೋಗುತ್ತದೆ.

ಫೆಬ್ರವರಿಯ ಬೀಳ್ಕೊಡುಗೆಯ ದಿನ, ಅಂಗಳದಲ್ಲಿ ಹೂಗುಚ್ಛ ಹಿಡಿದು ನಿಂತವಳ ಫೋನು ಬಡಿದುಕೊಂಡಿತು.

"ಯಾವುದೋ ಗೊತ್ತಿಲ್ಲದ ನಂಬರ್ ಸಾರ್. ಇನ್ಶೂರೆನ್ಸ್‌ನೋರಿರಬೇಕು."

"ಎತ್ತೇ ಹುಡುಗಿ! ಸೀಟು ಹೋಗುತ್ತೆ, ಎತ್ತು!"

ಎತ್ತಿದಳು. "ಹೂಂ, ನಾನೇ... ಕಾಲೇಜಿಗೆ ಬರ್ತೀನಿ. ಖಂಡಿತ ಬರ್ತೀನಿ!"

ತಾಯಿ ಮಗಳ ಕೈಯ ಹೂಗುಚ್ಛ ಕಿತ್ತು ಮೇಷ್ಟ್ರ ಕೈಗೆ ತುರುಕಿ, ಮಗಳನ್ನು ಬಾಚಿ ತಬ್ಬಿಕೊಂಡಳು. ಫೋಟೊಗೆ ಬನ್ನಿ ಎಂದು ಪ್ಯೊ ಮೇಡಂ ಕರೆಯುತ್ತಿದ್ದರು. ಮೇಷ್ಟ್ರಿಗೆ ಅದು ಕೇಳಿಸಲಿಲ್ಲ. ಅವರು ಸೀಟಿನ ಕರೆಗಾಗಿ ಇನ್ನೂ ಕಾಯುತ್ತಿದ್ದ ಬೇರೆ ಐದು ಮಕ್ಕಳ ಬಳಿ ಹೋಗಿ, ಒಬ್ಬೊಬ್ಬರ ಫೋನನ್ನೂ ಈಸಿಕೊಂಡು, ಸದ್ದು ಜೋರಾಗಿದೆಯೇ ಎಂದು ನೋಡುತ್ತಿದ್ದರು.